ಸಬಲೀಕರಣ ಆಯಿತು, ಇಲ್ಲೊಂದು ಸಹಿ ಹಾಕಿ

ಸಂಜೆ ಆರಕ್ಕೆ ಒಂದು ಕೋಣೆಯ ಬಾಗಿಲು ತೆಗೆದಿರಬೇಕು. ಒಳಗೆ ಟೇಬಲ್ ಟೆನಿಸ್ ಮೇಜು, ನಾಲ್ಕು ಕುರ್ಚಿ, ಹುಡುಗರು ಮಾತಾಡುವಾಗ ಗಡಿಯಾರ ನೋಡದ ಒಬ್ಬ ಮನುಷ್ಯ. ಯುವಜನ ಸೇವೆ ಎಂದರೆ ಮೂಲದಲ್ಲಿ ಇಷ್ಟೇ. ಇಷ್ಟು ಸುಲಭದ ಕೆಲಸವನ್ನು ಹಾಗೇ ಬಿಟ್ಟರೆ ಯಾರಿಗೆ ಮರ್ಯಾದೆ? ಸಮಿತಿ ಮಾಡಿದರು.

ಮೊದಲ ಸಭೆಯಲ್ಲಿ ಎದ್ದ ಪ್ರಶ್ನೆ, ಯುವಜನ ಎಂದರೆ ಯಾರು? ವಿಶ್ವಸಂಸ್ಥೆಯ ಅಂಕಿಅಂಶದ ಲೆಕ್ಕದಲ್ಲಿ 15ರಿಂದ 24. ಕಾಮನ್‌ವೆಲ್ತ್ 29ರ ತನಕ ಎಳೆಯುತ್ತದೆ, ಆಫ್ರಿಕನ್ ಒಕ್ಕೂಟ ಇನ್ನೂ ಉದಾರಿ, 35. ನಮ್ಮ ಸಮಿತಿಯಲ್ಲಿ ಎಲ್ಲರಿಗಿಂತ ಕಿರಿಯರಿಗೆ 52. ಅವರನ್ನೇ ಯುವ ಪ್ರತಿನಿಧಿ ಎಂದು ಅವಿರೋಧವಾಗಿ ಆರಿಸಲಾಯಿತು. ಮನಸ್ಸು ಎಳೆಯದಂತೆ.

ಆಮೇಲೆ ಸ್ವಯಂಸೇವಕರ ಫಾರಂ. ಹದಿನಾಲ್ಕು ಪುಟ. ಮಕ್ಕಳ ಜೊತೆ ಕೂರುವವರ ಹಿನ್ನೆಲೆ ವಿಚಾರಿಸಲೇಬೇಕು, ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಆ ವಿಚಾರಣೆ ಇರುವುದು ಹನ್ನೊಂದನೆಯ ಪುಟದ ಕೆಳಗೆ, ಎರಡು ಸಾಲಿನಲ್ಲಿ. ಮೊದಲ ಹತ್ತು ಪುಟ 'ನಿಮ್ಮ ನಾಯಕತ್ವದ ದರ್ಶನ'ಕ್ಕೆ ಮೀಸಲು. 1844ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಗೆಳೆಯರನ್ನು ಕೂಡಿಸಿಕೊಂಡು ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಕಟ್ಟಿದಾಗ ಅವರಿಗೆ 22 ವರ್ಷ, ಕೆಲಸ ಬಟ್ಟೆ ಅಂಗಡಿಯಲ್ಲಿ. ನಮ್ಮಲ್ಲಿಗೆ ಬಂದಿದ್ದರೆ 'ಅನುಭವ ಸಾಲದು' ಎಂಬ ಷರಾ ಬರೆದು ಕಳಿಸುತ್ತಿದ್ದೆವು.

ಸ್ವಯಂಸೇವೆ ಉಚಿತ ಎನ್ನುತ್ತಾರೆ. ನಿಜ, ಸೇವೆ ಮಾಡುವವನಿಗೆ ಏನೂ ಸಿಗುವುದಿಲ್ಲ. ಸ್ವಯಂಸೇವಕರಲ್ಲಿ ಹುಮ್ಮಸ್ಸು ತುಂಬುವ ಸಲಹೆಗಾರರಿಗೆ ದಿನಭತ್ಯೆ ಇದೆ. ಹುಮ್ಮಸ್ಸಿನಿಂದ ಬರುವವನ ಬಸ್ ಖರ್ಚಿಗೆ ಬಜೆಟ್ಟಿನಲ್ಲಿ ತಲೆಬರಹವೇ ಇಲ್ಲ. ಡಿಸೆಂಬರ್ 5, ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ಅವರಿಗೆ ಸನ್ಮಾನ. ಆ ದಿನ ಅವರು ಒಂದು ಗಂಟೆ ಮೊದಲೇ ಬಂದು ತಮ್ಮ ಸನ್ಮಾನಕ್ಕೆ ತಾವೇ ಕುರ್ಚಿ ಜೋಡಿಸುತ್ತಾರೆ, ಮುಗಿದ ಮೇಲೆ ಮಡಚಿಡುತ್ತಾರೆ.

ಯುವಜನರ ಪಾಲ್ಗೊಳ್ಳುವಿಕೆಯಲ್ಲಿ ಮಾತ್ರ ನಾವು ತೀರಾ ಶಾಸ್ತ್ರೀಯ. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ, ಮಕ್ಕಳ ಪಾಲ್ಗೊಳ್ಳುವಿಕೆ ಎಷ್ಟು ನಿಜ ಎಂದು ಅಳೆಯಲು, ಎಂಟು ಮೆಟ್ಟಿಲ ಏಣಿಯೊಂದಿದೆ. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೊಬ್ಬರನ್ನು ಕೂರಿಸುವುದು, ಪಾಲ್ಗೊಳ್ಳುವಿಕೆಯೇ ಅಲ್ಲ ಎಂದು ಅವರ ಎಚ್ಚರಿಕೆ. ನಮ್ಮವರು ಏಣಿ ಹತ್ತಲು ಹೊರಟರು, ಎರಡನೆಯ ಮೆಟ್ಟಿಲಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಅಲ್ಲೇ ಕುರ್ಚಿ ಹಾಕಿಕೊಂಡರು. ಆಗಸ್ಟ್ 12ರ ಯುವ ದಿನಕ್ಕೆ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗ ಹುಡುಗಿಯರು ಬ್ಯಾನರಿನ ಎಡಬಲಕ್ಕೆ ನಿಲ್ಲುತ್ತಾರೆ. 'ಯುವಜನರ ದನಿ' ಎಂಬ ವಿಷಯದ ಮೇಲೆ ಯುವ ಪ್ರತಿನಿಧಿ (ಅದೇ, 52) ಮುಕ್ಕಾಲು ಗಂಟೆ ಮಾತಾಡುತ್ತಾರೆ.

ಕೋಣೆಯ ಮೂಲೆಯಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಎಂಟು ತಿಂಗಳು ತುಟಿ ಬಿಚ್ಚಿದವನಲ್ಲ. ಪ್ರತಿ ಮಂಗಳವಾರ ಬರುವ ಸ್ವಯಂಸೇವಕ ಅವನ ಎದುರು ಬ್ಯಾಟ್ ಇಡುತ್ತಿದ್ದ, ಇವನು ಸುಮ್ಮನೆ ಆಡುತ್ತಿದ್ದ. ಒಂದು ಸಂಜೆ ಆಟ ನಿಲ್ಲಿಸಿ, "ಮನೆಗೆ ಹೋಗೋಕೆ ಮನಸ್ಸಿಲ್ಲ ಅಣ್ಣ," ಅಂದ. ಮಾತು ಒಂಬತ್ತರವರೆಗೆ ನಡೆಯಿತು. ವರದಿಯಲ್ಲಿ ಅದು ಹೀಗೆ ದಾಖಲಾಗಿದೆ: 'ಹಾಜರಿ 1. ಗುರಿ 30. ಸಾಧನೆ ತೃಪ್ತಿಕರವಲ್ಲ.'

ಮುಂದಿನ ಮಂಗಳವಾರ ಇಬ್ಬರೂ ಬಂದರೆ ಕೋಣೆಯಲ್ಲಿ ಕಾರ್ಯಾಗಾರ. ವಿಷಯ, 'ಯುವಜನರು ನಮ್ಮ ಕೇಂದ್ರಕ್ಕೆ ಏಕೆ ಬರುತ್ತಿಲ್ಲ?' ಟೇಬಲ್ ಟೆನಿಸ್ ಮೇಜಿನ ಮೇಲೆ ಪ್ರೊಜೆಕ್ಟರ್. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಹಿಂದಿನ ವಾರದ ಮಾತು ಮುಂದುವರಿಸಿದರು. ಅಷ್ಟರಲ್ಲಿ ಸಂಯೋಜಕರು ಪುಸ್ತಕ ಹಿಡಿದು ಓಡಿ ಬಂದರು.

"ಸದ್ಯ, ಸಿಕ್ಕಿದ್ರಲ್ಲ! ಎರಡು ಸಹಿ ಕಡಿಮೆ ಬಿದ್ದಿದೆ. ಒಳಗೆ ಬರೋದೇನೂ ಬೇಡ, ಇಲ್ಲೇ ಹಾಕಿ."