ದೋಣಿಯಲ್ಲಿ ಪೆಟ್ರೋಲ್, ಡೀಸೆಲ್ ಒಯ್ಯುವವರಿಗೆ ಲೈಸೆನ್ಸ್ ಬೇಕಾ?

ಪ್ರಶ್ನೆ ಇಷ್ಟೇ. ನಮ್ಮ ಉತ್ತರ ಕನ್ನಡದ ಕುರ್ವೆಗಳಿಗೆ (ಹೊಳೆಯ ನಡುಗಡ್ಡೆಗಳಿಗೆ), ಹೊಳೆಯಾಚೆಯ ಕೇರಿಗಳಿಗೆ, ರಸ್ತೆ ಇಲ್ಲದ ಕಡಲತೀರಗಳಿಗೆ ಕ್ಯಾನುಗಳಲ್ಲಿ ಇಂಧನ ಮುಟ್ಟಿಸುವ ಸಣ್ಣ ದೋಣಿಗಳಿವೆಯಲ್ಲ, ಅವನ್ನು ಪ್ರತ್ಯೇಕ ನಿಯಮದ ಕೆಳಗೆ ತರಬೇಕಾ, ಬೇಡವಾ? ಎರಡೂ ಕಡೆಯ ಮಾತನ್ನು ನಾನೇ ಬರೆದಿದ್ದೇನೆ. ನನ್ನ ಒಲವು ಎತ್ತ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ, ಮುಚ್ಚಿಡುವ ಉದ್ದೇಶವೇನೂ ಇಲ್ಲ.

ಪರ: ನಿಯಮ ಬೇಕು

ಹೊಳೆದಂಡೆಯಲ್ಲಿ ದೋಣಿ ನಿಲ್ಲುವ ಯಾವುದಾದರೂ ಸಣ್ಣ ಧಕ್ಕೆಗೆ ಬೆಳಿಗ್ಗೆ ಹೋಗಿ ನಿಂತು ನೋಡಿ. ದೋಣಿಯ ಮುಂದಿನ ತುದಿಯಲ್ಲಿ ಅಕ್ಕಿಮೂಟೆ, ಒಂದು ಗ್ಯಾಸ್ ಸಿಲಿಂಡರ್. ನಡುವಿನ ಹಲಗೆಗಳ ಮೇಲೆ ಜನ. ಅವರ ಕಾಲಬುಡದಲ್ಲೇ ನೀಲಿ ಪ್ಲಾಸ್ಟಿಕ್ ಕ್ಯಾನುಗಳು. ಮುಚ್ಚಳ ಸಡಿಲ ಅಂತ ಪ್ಲಾಸ್ಟಿಕ್ ಕೊಟ್ಟೆಯ ತುಂಡು ಸಿಕ್ಕಿಸಿ ತಿರುಪಿರುತ್ತಾರೆ. ಹಿಂದುಗಡೆ ಎಂಜಿನ್. ಅದು ಸೀಮೆಎಣ್ಣೆ ಎಂಜಿನ್ ಆದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ಹಾಗಾಗಿ ಒಂದು ಪೆಟ್ರೋಲ್ ಡಬ್ಬಿ ಅಲ್ಲೇ ಪಕ್ಕದಲ್ಲಿ. ದೋಣಿ ಓಲಾಡಿದ ಹಾಗೆ ಕ್ಯಾನಿನಿಂದ ಚೂರುಚೂರು ಚೆಲ್ಲಿ ತಳದ ನೀರಿನ ಮೇಲೆ ಬಣ್ಣಬಣ್ಣದ ಪದರ ಕೂತಿರುತ್ತದೆ. ಅದನ್ನು ಡಬ್ಬಿಯಲ್ಲಿ ಮೊಗೆದು ಹೊಳೆಗೆ ಎರಚುತ್ತಾರೆ. ಇದರ ನಡುವೆ ಯಾರೋ ಒಬ್ಬರು ಬೀಡಿ ಹಚ್ಚುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಏನೂ ಆಗಿಲ್ಲವಲ್ಲ ಅನ್ನಬಹುದು. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬಯಲಲ್ಲಿ ಚೆಲ್ಲಿದರೆ ಗಾಳಿಗೆ ಹರಡಿ ಹೋಗುತ್ತದೆ. ದೋಣಿಯ ತಳ ಅಂದರೆ ಬೋಗುಣಿ ಇದ್ದ ಹಾಗೆ, ಆವಿ ಅಲ್ಲೇ ತುಂಬಿಕೊಂಡು ಕೂರುತ್ತದೆ. ಎಂಜಿನ್ನಿನ ಒಂದು ಕಿಡಿ ಸಾಕು. ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ. ಈ ವ್ಯತ್ಯಾಸ ಕಾನೂನಿಗೂ ಗೊತ್ತು. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ, 23 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲೇ ಬೆಂಕಿ ಹತ್ತುವಷ್ಟು ಆವಿ ಬಿಡುವ ಎಣ್ಣೆಗಳೆಲ್ಲ ಎ ವರ್ಗ. ಪೆಟ್ರೋಲ್ ಬರುವುದು ಅದರಲ್ಲಿ. ಲೈಸೆನ್ಸ್ ಇಲ್ಲದೆ ಇದನ್ನು ಒಟ್ಟು 30 ಲೀಟರ್ ತನಕ ಮಾತ್ರ ಒಯ್ಯಬಹುದು, ಅದೂ ಮಾರಾಟಕ್ಕಲ್ಲ, ಲೋಹದ ಡಬ್ಬಿಯಾದರೆ ಒಂದರಲ್ಲಿ 25 ಲೀಟರಿಗಿಂತ ಹೆಚ್ಚಿರಬಾರದು. ನೀಲಿ ಕ್ಯಾನಿನ ಮಾತೇ ಅಲ್ಲಿಲ್ಲ. ಇತ್ತ ದೋಣಿಯ ನೋಂದಣಿ, ತಪಾಸಣೆಗೆ 1917ರ ಹಳೆಯ ಕಾಯ್ದೆ ಹೋಗಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂತು. ಎಣ್ಣೆಗೊಂದು ಕಾನೂನು, ದೋಣಿಗೊಂದು ಕಾನೂನು. ಎರಡನ್ನೂ ಹಿಡಿದುಕೊಂಡು ಧಕ್ಕೆಯಲ್ಲಿ ನಿಂತು ‘ಜನ ಇಳಿಯಿರಿ, ಇಲ್ಲಾ ಪೆಟ್ರೋಲ್ ಇಳಿಸಿ’ ಅನ್ನುವವರು ಮಾತ್ರ ಯಾರೂ ಇಲ್ಲ.

2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯ ದಿನ ಕಾರವಾರದ ಕಡಲಲ್ಲಿ ದೋಣಿ ಮಗುಚಿ 16 ಜನ ಹೋದರು. ಅದು ಇಂಧನದ ದೋಣಿ ಅಲ್ಲ, ಜಾತ್ರೆಯ ಜನ ತುಂಬಿಕೊಂಡಿದ್ದ ದೋಣಿ. ಆದರೂ ನೆನಪು ಮಾಡುವುದಕ್ಕೆ ಕಾರಣ ಇದೆ. ಎಷ್ಟು ಜನ ಹತ್ತಬಹುದು, ಲೈಫ್ ಜಾಕೆಟ್ ಎಲ್ಲಿ ಅಂತ ಎಲ್ಲರೂ ಕೇಳಿದ್ದು ಹೆಣಗಳು ದಡಕ್ಕೆ ಬಂದ ಮೇಲೆ. ಇಂಧನದ ವಿಷಯದಲ್ಲೂ ಅಲ್ಲಿಯತನಕ ಕಾಯಬೇಕಾ?

ಹೊಳೆಯ ಕಡೆಯಿಂದಲೂ ನೋಡಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಅಲ್ಲಿ ಬಳಚು ಅನ್ನುವ ಚಿಪ್ಪಿನ ಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಬಳಚು ನೀರನ್ನು ಸೋಸಿಯೇ ತಿನ್ನುವ ಜೀವಿ, ನೀರಲ್ಲಿ ಇದ್ದದ್ದೆಲ್ಲ ಅದರ ಹೊಟ್ಟೆಗೆ. ಚೆಲ್ಲಿದ ಎಣ್ಣೆ ನೇರ ಸಮುದ್ರಕ್ಕೂ ಹೋಗುವುದಿಲ್ಲ. ಭರತ ಬಂದಾಗ ಮೇಲೆ, ಇಳಿತಕ್ಕೆ ಕೆಳಗೆ ಅಂತ ಅಲ್ಲೇ ಓಡಾಡಿಕೊಂಡಿರುತ್ತದೆ. ಎಣ್ಣೆ ವಾಸನೆ ಹತ್ತಿದ ಬಳಚನ್ನು ಪೇಟೆಯಲ್ಲಿ ಯಾರು ಮುಟ್ಟುತ್ತಾರೆ? 2006ರ ಮೇ ಕೊನೆಗೆ ಓಷನ್ ಸೆರಾಯಾ ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಿಕೊಂಡು ಎಣ್ಣೆ ಗೋವಾದ ದಡದ ತನಕ ಹೋಗಿದ್ದು ಹಳಬರಿಗೆ ನೆನಪಿರಬೇಕು. ಅದರ ಮುಂದೆ ಕ್ಯಾನಿನ ಲೆಕ್ಕ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಹಡಗು ಎಂದೋ ಒಂದು ದಿನ ಬಂತು, ಕ್ಯಾನು ದಿನಾ ಹೋಗುತ್ತದೆ.

ಕೇಳುತ್ತಿರುವುದು ದೊಡ್ಡದೇನಲ್ಲ. ಪೆಟ್ರೋಲ್ ಇದ್ದಾಗ ಜನ ಹತ್ತಬಾರದು. ಗಟ್ಟಿ ಮುಚ್ಚಳದ ಲೋಹದ ಡಬ್ಬಿ, ಒಂದು ಬೆಂಕಿ ಆರಿಸುವ ಸಿಲಿಂಡರ್, ಲೈಫ್ ಜಾಕೆಟ್, ದೋಣಿ ಮೇಲೆ ಕಾಣುವ ಹಾಗೆ ನಂಬರ್. ಅಷ್ಟೇ.

ವಿರೋಧ: ಈಗ ಬೇಡ

ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಪೆಟ್ರೋಲ್ ಕ್ಯಾನಿನ ಪಕ್ಕ ಜನರನ್ನು ಕೂರಿಸುವುದನ್ನು ನಾನಂತೂ ಸಮರ್ಥಿಸುವುದಿಲ್ಲ. ಅದು ಈ ಕ್ಷಣ ನಿಂತರೂ ಒಳ್ಳೆಯದು. ತಕರಾರು ಲೈಸೆನ್ಸ್ ಬಗ್ಗೆ.

ಬಂಕುಗಳೆಲ್ಲ ಇರುವುದು ಹೆದ್ದಾರಿ ಮೇಲೆ. ಕುರ್ವೆಯವರಿಗೆ ಪಂಪ್‌ಸೆಟ್ಟಿಗೋ ಟಿಲ್ಲರಿಗೋ ನಾಲ್ಕು ಲೀಟರ್ ಡೀಸೆಲ್ ಬೇಕು ಅಂದರೂ ಹೊಳೆ ದಾಟಬೇಕು, ಟೆಂಪೋ ಹಿಡಿಯಬೇಕು, ‘ಕ್ಯಾನಿಗೆ ಹಾಕುವುದಿಲ್ಲ’ ಅನ್ನುವ ಬಂಕಿನವರ ಹತ್ತಿರ ಗೋಗರೆಯಬೇಕು, ಮತ್ತೆ ಹೊಳೆ ದಾಟಬೇಕು. ಹಾಗಾಗಿ ದೋಣಿಯವರ ಕೈಯಲ್ಲಿ ಕ್ಯಾನು, ದುಡ್ಡು ಎರಡೂ ಕೊಟ್ಟು ತರಿಸಿಕೊಳ್ಳುತ್ತಾರೆ. ದೋಣಿಯವರಿಗೆ ಇದು ದಂಧೆ ಅಲ್ಲ, ಊರಿನ ಉಪಕಾರ, ಮೇಲೊಂದಿಷ್ಟು ಬಾಡಿಗೆ. ಅವರ ಮೇಲೆ ಅರ್ಜಿ, ಫೀಸು, ವರ್ಷಕ್ಕೊಂದು ತಪಾಸಣೆ ಅಂತ ಹೇರಿದರೆ ಏನಾಗುತ್ತದೆ? ಕುಮಟಾ ಕಡೆಯ ದೋಣಿಯವರೊಬ್ಬರನ್ನು ಕೇಳಿದೆ. ‘ಲೈಸೆನ್ಸ್ ಮಾಡ್ಸುಕೆ ಕಾರವಾರಕ್ಕೆ ಹೋಗ್ಬಂದ್ರೆ ಆ ದಿನದ ದುಡಿಮೆ ಹೋಯ್ತಲಾ ತಮಾ, ಅದ್ರ ಬದ್ಲು ಬಿಟ್ಟೇ ಬಿಡ್ತೆ’ ಅಂದರು. ಅವರು ಬಿಡುತ್ತಾರೆ. ಇನ್ನೊಬ್ಬರು ಬಿಡುವುದಿಲ್ಲ, ಕತ್ತಲಾದ ಮೇಲೆ ಬಲೆಯ ಅಡಿ ಮುಚ್ಚಿಕೊಂಡು ಒಯ್ಯುತ್ತಾರೆ. ಹಗಲಲ್ಲಿ ಎಲ್ಲರಿಗೂ ಕಾಣುವ ಕ್ಯಾನಿಗಿಂತ ಅದು ಜಾಸ್ತಿ ಅಪಾಯ, ಅಲ್ವಾ?

ಇನ್ನೊಂದು ತಮಾಷೆ ನೋಡಿ. ಅದೇ 1934ರ ಕಾಯ್ದೆ ಡೀಸೆಲ್‌ನಂಥ ಬಿ ವರ್ಗದ ಎಣ್ಣೆಗೆ ಒಂದು ಕಡೆ 2500 ಲೀಟರ್ ತನಕ ಲೈಸೆನ್ಸ್ ಕೇಳುವುದಿಲ್ಲ, ಒಂದೊಂದು ಪಾತ್ರೆ 1000 ಲೀಟರ್ ಮೀರಬಾರದು ಅಷ್ಟೇ. ರಸ್ತೆಯ ಮೇಲೆ ಪಿಕಪ್ಪಿನಲ್ಲಿ ಡೀಸೆಲ್ ಕ್ಯಾನ್ ಹೇರಿಕೊಂಡು ಹೋಗುವವರನ್ನು ಯಾರೂ ಕೇಳದಿದ್ದಾಗ, ಹುಟ್ಟು ಹಾಕುವವರನ್ನು ಮಾತ್ರ ಕೇಳುವುದು ಯಾವ ನ್ಯಾಯ? ತದಡಿಯಿಂದ ಅಘನಾಶಿನಿಗೆ ದಾಟುವಾಗ ಬೈಕುಗಳನ್ನೂ ಹತ್ತಿಸುತ್ತಾರೆ. ಪ್ರತಿ ಬೈಕಿನ ಟ್ಯಾಂಕಿನಲ್ಲೂ ಪೆಟ್ರೋಲ್ ಇದೆ, ಜನ ಅದಕ್ಕೇ ಒರಗಿ ನಿಂತಿರುತ್ತಾರೆ. ಅದನ್ನು ಲೆಕ್ಕ ಇಡುವವರು ಯಾರು?

ಲೈಸೆನ್ಸ್ ಇದ್ದರೆ ಅಪಾಯ ತಪ್ಪುತ್ತದೆ ಅನ್ನುವವರಿಗೆ 2024ರ ಜುಲೈ 16 ಸಾಕು. ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಗೆ ಬಿದ್ದು ತೇಲಿ ಹೋದದ್ದು ಅಡುಗೆ ಅನಿಲದ ಟ್ಯಾಂಕರ್, ಊರಿನವರ ಕ್ಯಾನಲ್ಲ. ಟ್ಯಾಂಕರಿನಲ್ಲೇನು ತಪ್ಪಿತ್ತು, ಗುಡ್ಡ ಬಿತ್ತು ಅಷ್ಟೇ ಅಂತ ಹೇಳಬಹುದು, ಹೌದು. ಆದರೆ ಹೆದ್ದಾರಿ ಬಂದ್ ಆಗಿ ಎಷ್ಟೋ ದಿನ ಇತ್ತತ್ತ ಹೋಗಲಾಗದೆ ಕೂತಿದ್ದೂ ಅದೇ ಸಲ. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೆಯ ಸೇತುವೆಯೇ ಬಿತ್ತು. ರಸ್ತೆ, ಸೇತುವೆ ಕೈಕೊಟ್ಟಾಗ ಉಳಿಯುವುದು ಸಣ್ಣ ದೋಣಿಗಳೇ. ಅವನ್ನು ಕಾಗದಪತ್ರದಲ್ಲಿ ಸಿಕ್ಕಿಸಿ ದಡಕ್ಕೆ ಎಳೆದು ಹಾಕಿದ ಮೇಲೆ ತುರ್ತಿಗೆ ಬನ್ನಿ ಅಂದರೆ ಬರುವವರು ಯಾರು?

ದೂರದ ಉದಾಹರಣೆಯೂ ಒಂದಿದೆ. ಅಲಾಸ್ಕಾದ ನೋಮ್ ಅನ್ನುವ ಕಡಲೂರಿಗೆ ರಸ್ತೆ ಸಂಪರ್ಕವೇ ಇಲ್ಲ, ಇಂಧನ ಸಮುದ್ರದ ಮೇಲೆ ಬಾರ್ಜ್ ಅನ್ನುವ ಚಪ್ಪಟೆ ತಳದ ಸರಕು ದೋಣಿಯಲ್ಲಿ ಬರಬೇಕು. 2011ರ ನವೆಂಬರಿನಲ್ಲಿ ಬಿರುಗಾಳಿಗೆ ಚಳಿಗಾಲಕ್ಕೆ ಮುಂಚಿನ ಕೊನೆಯ ಬಾರ್ಜ್ ತಪ್ಪಿತು. ಆಮೇಲೆ ಸಮುದ್ರ ಹೆಪ್ಪುಗಟ್ಟಿತು. ಕೊನೆಗೆ ರೆಂಡಾ ಅನ್ನುವ ರಷ್ಯದ ಟ್ಯಾಂಕರ್ 13 ಲಕ್ಷ ಗ್ಯಾಲನ್ ಇಂಧನ ಹೊತ್ತು 2012ರ ಜನವರಿಯಲ್ಲಿ ಬಂತು, ಮುಂದೆ ಹಿಮ ಒಡೆಯುತ್ತಾ ಅಮೆರಿಕದ ಕರಾವಳಿ ಕಾವಲು ಪಡೆಯ ಹೀಲಿ ಹಡಗು. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯಲು ಅಮೆರಿಕದ್ದೇ ಹಡಗು ಬೇಕು ಅನ್ನುವ 1920ರ ಜೋನ್ಸ್ ಕಾಯ್ದೆ ಅಡ್ಡ ಬಂತು, ಅದಕ್ಕೆ ವಿನಾಯಿತಿ ಕೊಟ್ಟ ಮೇಲೆಯೇ ಕೆಲಸ ಆಗಿದ್ದು. ಅಷ್ಟು ದೊಡ್ಡ ಸರ್ಕಾರಕ್ಕೆ ತುರ್ತಿನಲ್ಲಿ ನಿಯಮ ಸಡಿಲಿಸುವ ದಾರಿ ಗೊತ್ತಿತ್ತು. ನಮ್ಮಲ್ಲಿ ಆ ಸಹಿ ಹಾಕುವವರು ಸಿಗುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ.

ಹಾಗಾದರೆ ಮೊದಲು ಆಗಬೇಕಾದದ್ದು? ಮೀನುಗಾರಿಕೆ ಬೋಟುಗಳಿಗೆ ಕರರಹಿತ ಡೀಸೆಲ್ ಇದೆ, 2023ರ ರಾಜ್ಯ ಬಜೆಟ್ ಅದರ ಮಿತಿಯನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷಕ್ಕೆ ಏರಿಸಿತು. ಹೊಳೆ ದಾಟಿಸುವ ದೋಣಿಗೆ ಅದರ ಪಾಲಿಲ್ಲ. ದೊಡ್ಡ ಧಕ್ಕೆಗಳಲ್ಲಿ ಸಣ್ಣದೊಂದು ಪಂಪ್ ಇಟ್ಟು, ಕುರ್ವೆಯ ರೇಷನ್ ಕಾರ್ಡ್ ತೋರಿಸಿದವರಿಗೆ ಲೋಹದ ಡಬ್ಬಿಗೇ ಅಳೆದು ಕೊಡಲಿ. ಹಳೆಯ ನೀಲಿ ಕ್ಯಾನ್ ತಂದುಕೊಟ್ಟವರಿಗೆ 25 ಲೀಟರಿನ ಲೋಹದ ಡಬ್ಬಿ ಅರ್ಧ ಬೆಲೆಗೆ ಕೊಡಲಿ, ಮೀನುಗಾರರ ಸಹಕಾರಿ ಸಂಘಗಳ ಮೂಲಕವೇ ಹಂಚಬಹುದು. ಇದಕ್ಕೆ ಹೊಸ ಕಾನೂನು ಏನೂ ಬೇಡ, ಜೂನ್ ಮಳೆಗೆ ಮುಂಚೆ ಮುಗಿಸಬಹುದಾದ ಕೆಲಸ.