ಪುಲಿಕೇಶಿಯ ಆನೆಗೆ 2 ಮಿ.ಮೀ. ಜಾಸ್ತಿ

ಮಾಟುಂಗದ ಒಂದು ಫ್ಲ್ಯಾಟಿನ ಊಟದ ಮೇಜಿನ ಮೇಲೆ ಇಮ್ಮಡಿ ಪುಲಿಕೇಶಿಗೂ ಹರ್ಷನಿಗೂ ಯುದ್ಧ ನಡೆಯಬೇಕಿತ್ತು. ನಡೆಯಲಿಲ್ಲ. ಪುಲಿಕೇಶಿಯ ಆನೆಯ ಬೇಸ್ 42 ಮಿಲಿಮೀಟರ್ ಅಗಲ ಇತ್ತು. ಇರಬೇಕಾದದ್ದು 40.

ಇದು ಪುಟ್ಟ ಗೊಂಬೆಗಳ ಯುದ್ಧದಾಟ. ಸೈನಿಕರನ್ನು ಸಣ್ಣ ಬಿಲ್ಲೆಗಳಿಗೆ ಅಂಟಿಸಿ, ದಾಳ ಎಸೆದು ಆಡುವುದು. ಆ ಬಿಲ್ಲೆಯೇ ಬೇಸ್. 1990ರಲ್ಲಿ ಬಂದ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ನಿಯಮದಲ್ಲಿ ಒಂದು ಸೈನ್ಯಕ್ಕೆ 12 ಬೇಸ್, ಸಣ್ಣ ಗೊಂಬೆಗಳಾದರೆ ಎರಡಡಿ ಚೌಕದ ರಣರಂಗ. ಮುಂಬೈಗೆ ಹೇಳಿ ಮಾಡಿಸಿದ ಆಟ. ಇದಕ್ಕಿಂತ ದೊಡ್ಡ ಸಾಮ್ರಾಜ್ಯಕ್ಕೆ ಇಲ್ಲಿ ಜಾಗ ಯಾರ ಮನೆಯಲ್ಲಿದೆ?

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ವರ್ನಿಯರ್ ಕ್ಯಾಲಿಪರ್ ತಂದಿದ್ದರು. ಆನೆಯನ್ನು ಮೂರು ಸಲ ಅಳೆದರು. "ನಿಯಮ ಅಂದ್ರೆ ನಿಯಮ ಮಾರಾಯ್ರೇ" ಅಂದರು. ಅಲ್ಲಿದ್ದ ಬಹುಪಾಲು ಜನ ಲೋಕಲ್ ಟ್ರೈನಿನಲ್ಲಿ ಬಂದವರು. ಮೂವರ ಸೀಟಿಗೆ ನಾಲ್ಕನೆಯವರಾಗಿ, 'ಜರಾ ಸರಕೋ' ಅಂತ ಅರ್ಧ ತೊಡೆ ಊರಿ ಡೊಂಬಿವಲಿಯಿಂದ ಬಂದವರು. ಆನೆ ಮಾತ್ರ ಸರಿಯುವಂತಿಲ್ಲ!

ಹ್ಯೂಯೆನ್ ತ್ಸಾಂಗ್ ಪುಲಿಕೇಶಿಯ ನಾಡಿನ ಬಗ್ಗೆ ಬರೆದಿದ್ದಾನೆ. ಯುದ್ಧಕ್ಕೆ ಮೊದಲು ಅಲ್ಲಿನ ಯೋಧರೂ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ಅಂಥ ಆನೆಯ ಮುಂದೆ ಸ್ಕೇಲ್ ಹಿಡಿದು ನಿಂತವನ ಸುದ್ದಿ ಮಾತ್ರ ಅವನು ಬರೆದಿಲ್ಲ.

ತಕರಾರಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಒಂದು ಸೈನ್ಯದ ಎಲ್ಲ ಬೇಸ್‌ಗಳೂ ಅಗಲವಾಗಿದ್ದರೆ ಸಾಲು ಉದ್ದವಾಗುತ್ತದೆ, ತುದಿಯಲ್ಲಿರುವವನು ಎದುರಾಳಿಯನ್ನು ಬದಿಯಿಂದ ಒತ್ತಬಹುದು. ಅದು ಅನ್ಯಾಯವೇ. ಆದರೆ ಇಲ್ಲಿ ಇರುವುದು ಒಂದೇ ಆನೆ. ಬೇಸ್ ಹಿಂದಕ್ಕೂ ಉದ್ದ ಜಾಸ್ತಿ ಇದೆ ಅಂತ ಇನ್ನೊಂದು ದೂರು ಬಂತು, ಅದಂತೂ ತಮಾಷೆ. ಡಿಬಿಎಯ ಹಳೆಯ ನಿಯಮದಲ್ಲಿ ಹಿಮ್ಮೆಟ್ಟುವವನು ತನ್ನ ಬೇಸ್ ಎಷ್ಟು ಉದ್ದವೋ ಅಷ್ಟು ಹಿಂದೆ ಹೋಗಬೇಕು. ಉದ್ದ ಇದ್ದವನು ಜಾಸ್ತಿ ಓಡುತ್ತಾನೆ. ಶಿಕ್ಷೆ ಅಲ್ಲೇ ಆಯ್ತು ಅಲ್ವಾ?

ದಾರಿಗಳೂ ಬೇಕಾದಷ್ಟಿವೆ. ಎರಡೂ ಕಡೆ ಒಂದೇ ಅಗಲ ಇದ್ದರೆ ಅದು ಎಷ್ಟಿದ್ದರೇನು? ನಡಿಗೆಯ ದೂರವನ್ನು ಬೇಸಿನ ಅಗಲದಲ್ಲೇ ಎಣಿಸಿದರಾಯಿತು. 2014ರ ಡಿಬಿಎ ಮಾಡುವುದೂ ಅದನ್ನೇ. ಬೇರೆ ಆಟಕ್ಕೆಂದು 80 ಮಿ.ಮೀ. ಬೇಸ್ ಮಾಡಿಕೊಂಡವನು ಬಂದರೆ, 40ರ ಎರಡನ್ನು ಜೋಡಿಸಿ ಅವನ ಎದುರು ನಿಲ್ಲಿಸಿ. ದೊಡ್ಡ ಗೊಂಬೆಗಳಿಗೆ 60 ಬೇಕು, 20ರ ಮೂರು ಚೌಕ ಸಾಲಾಗಿಟ್ಟರೆ ಸರಿಹೋಗುತ್ತದೆ. ಒಬ್ಬ ಕಾಲೇಜು ಹುಡುಗ ಇದನ್ನೆಲ್ಲ ಬಿಡಿಸಿ ಹೇಳಿದ. "ನೀನು ಸುಮ್ನಿರಪ್ಪಾ" ಅಂದರು. ಅವನ ಸೈನ್ಯಕ್ಕೆ ಇನ್ನೂ ಬಣ್ಣ ಆಗಿರಲಿಲ್ಲವಂತೆ.

ಮೂವರ ಸಮಿತಿ ರಚನೆಯಾಯಿತು. ಆನೆ ಬೇಸ್ ಸಮೇತ ಅದರ ವಶಕ್ಕೆ ಹೋಯಿತು. ಚಹಾ ಬಂತು. ಹರ್ಷನ ಕಡೆಯವರು, ಈಗ ಪುಲಿಕೇಶಿಗೆ 11 ಬೇಸ್ ಮಾತ್ರ ಉಳಿದಿರುವುದರಿಂದ ತಮ್ಮನ್ನೇ ವಿಜಯಿ ಎಂದು ಘೋಷಿಸಬೇಕು ಅಂತ ಅರ್ಜಿ ಕೊಟ್ಟರು. ಸಮಿತಿ ಅದನ್ನು ಪರಿಶೀಲನೆಗೆ ತೆಗೆದುಕೊಂಡಿದೆ. ಅದಕ್ಕೂ ಮೊದಲು ಆ ಕ್ಯಾಲಿಪರ್ ಸರಿಯಾಗಿದೆಯೇ ಅಂತ ಅಳೆಯಲು ಇನ್ನೊಂದು ಕ್ಯಾಲಿಪರ್ ತರಿಸುವುದಕ್ಕೆ ವಂತಿಗೆ ಎತ್ತುತ್ತಿದ್ದಾರೆ.