ಮತ ಹಾಕಿ, ಚುನಾವಣೆ ಮಾತ್ರ ಕೇಳಬೇಡಿ

ಜನವರಿ 25 ಬಂತು, ಹೋಯಿತು. ದಾವಣಗೆರೆಯಲ್ಲಿ ಮತದಾರರ ದಿನ ಎಂದಿನಂತೆ ಜೋರು. ಬಲಗೈ ಮುಂದೆ ಚಾಚಿ, ಜಾತಿ, ಧರ್ಮ, ಆಮಿಷ ಯಾವುದಕ್ಕೂ ಬಗ್ಗದೆ ಪ್ರತಿ ಚುನಾವಣೆಯಲ್ಲೂ ಮತ ಹಾಕುತ್ತೇವೆ ಅಂತ ಪ್ರತಿಜ್ಞೆ ಮಾಡಿದ್ದಾಯಿತು. ನಾವೇನೋ ತಯಾರು ಸ್ವಾಮಿ. ಚುನಾವಣೆ ಎಲ್ಲಿ?

ಜಿಲ್ಲಾ ಪಂಚಾಯ್ತಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. 2025 ಬಂದರೂ ಚುನಾವಣೆ ಇಲ್ಲ. 2016ರಲ್ಲಿ 17 ವರ್ಷದವನಾಗಿದ್ದ ಹುಡುಗನಿಗೆ ಅಷ್ಟೊತ್ತಿಗೆ 26. ಜಿಲ್ಲಾ ಪಂಚಾಯ್ತಿ ಸದಸ್ಯ ಅನ್ನೋ ಪ್ರಾಣಿಗೆ ಅವನು ಒಮ್ಮೆಯೂ ಮತ ಹಾಕಿಲ್ಲ. ಆದರೂ ಪ್ರತಿಜ್ಞೆ ಮಾತ್ರ ಬಾಯಿಪಾಠ.

ಇನ್ನೊಂದು ಚೆಂದ ನೋಡಿ. ಜಿಲ್ಲೆಯಲ್ಲಿ ಮತದಾನದ ಜಾಗೃತಿ ಮೂಡಿಸೋ ಸ್ವೀಪ್ ಸಮಿತಿಗೆ ಅಧ್ಯಕ್ಷರು ಯಾರು? ಜಿಲ್ಲಾ ಪಂಚಾಯ್ತಿ ಸಿಇಒ. ಅವರದೇ ಪಂಚಾಯ್ತಿಯಲ್ಲಿ ಗೆದ್ದು ಬಂದ ಸದಸ್ಯ ಒಬ್ಬನೂ ಇಲ್ಲ. ಪಾಪ, ಅಧಿಕಾರಿಗಳ ತಪ್ಪೇನಿಲ್ಲ. ಬೈಕ್ ಜಾಥಾ ಮಾಡಿ ಅಂದರೆ ಮಾಡುತ್ತಾರೆ. ರಂಗೋಲಿ ಬಿಡಿಸಿ ಅಂದರೆ ಬಿಡಿಸುತ್ತಾರೆ. ಚುನಾವಣೆ ಮಾಡಿ ಅಂತ ಯಾರೂ ಹೇಳುತ್ತಿಲ್ಲ, ಅಷ್ಟೇ.

ಕಳೆದ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನ ಒಂದು ಹೋಟೆಲಿನವರು ಬೆರಳಿನ ಶಾಯಿ ತೋರಿಸಿದವರಿಗೆ ಪುಕ್ಕಟೆ ಬೆಣ್ಣೆ ದೋಸೆ ಕೊಟ್ಟರಲ್ಲ? ಅದಕ್ಕೂ ಹೈಕೋರ್ಟ್ ಒಪ್ಪಿಗೆ ಬೇಕಾಯಿತು. ನನಗೆ ಹೊಟ್ಟೆ ಉರಿದದ್ದು ಪುಕ್ಕಟೆ ಅಂತಲ್ಲ. ನಮ್ಮೂರ ದೋಸೆ ತೋರಿಸಿ ಮತಗಟ್ಟೆಗೆ ಕರೆದದ್ದು ಬೆಂಗಳೂರಿನವರನ್ನು! ಅಲ್ಲಿ ಅದರ ಜೊತೆ ಏನೇನು ಬಡಿಸಿದರೋ. ಬಿಳಿ ಚಟ್ನಿ, ಸಪ್ಪೆ ಆಲೂಗಡ್ಡೆ ಪಲ್ಯ, ಮೇಲೆ ಕರಗುವ ಬೆಣ್ಣೆ, ಇಷ್ಟೇ ಇರಬೇಕು. ಸಾಂಬಾರ್ ಕೊಟ್ಟಿದ್ದರೆ ಆಯೋಗವೇ ವಿಚಾರಣೆ ಮಾಡಲಿ. ನಮ್ಮಲ್ಲಿ ಆ ಆಮಿಷ ನಡೆಯುವುದಿಲ್ಲ ಬಿಡಿ. ಜನ ದುಡ್ಡು ಕೊಟ್ಟು, ಸಾಲಲ್ಲಿ ಕಾದು ತಿನ್ನುತ್ತಾರೆ. ಇಲ್ಲಿ ಸಾಲು ನಿಲ್ಲೋದು ಯಾರಿಗೂ ಕಲಿಸಬೇಕಿಲ್ಲ.

ವಿಷಯಕ್ಕೆ ಬರೋಣ. ಚುನಾವಣೆ ಯಾಕಿಲ್ಲ ಅಂತ ಕೇಳಿದರೆ ಕ್ಷೇತ್ರ ಮರುವಿಂಗಡಣೆ ಅಂದರು. ಮೀಸಲಾತಿ ಪಟ್ಟಿ ಅಂದರು. ಕೋರ್ಟಿನಲ್ಲಿದೆ ಅಂದರು. ಅವರ ಸರ್ಕಾರ ಹೋಗಿ ಇವರದು ಬಂತು. ಬೆಳಿಗ್ಗೆ ಎದ್ದರೆ ಒಬ್ಬರನ್ನೊಬ್ಬರು ಬೈಯುವ ಈ ಮಂದಿ ಇದೊಂದರಲ್ಲಿ ಎಷ್ಟು ಒಗ್ಗಟ್ಟು! ತಾಲ್ಲೂಕಿನ ಪ್ರತಿ ಗುದ್ದಲಿ ಪೂಜೆಗೂ ಶಾಸಕರೊಬ್ಬರೇ ಸಾಕು, ಪಕ್ಕದಲ್ಲಿ ಇನ್ನೊಂದು ಹಾರ ಯಾಕೆ ಅಂತ ಇರಬಹುದು. ನನ್ನ ಅನುಮಾನ, ಅಷ್ಟೇ.

ಈ ರಾಜ್ಯದಲ್ಲೇ 1987ರಲ್ಲಿ ಜಿಲ್ಲಾ ಪರಿಷತ್ತಿಗೆ, ಅಂದರೆ ಆಗಿನ ಜಿಲ್ಲಾ ಪಂಚಾಯ್ತಿಗೆ, ಚುನಾವಣೆ ಆಗಿತ್ತು. ನಾವಾಗ ಚಿತ್ರದುರ್ಗ ಜಿಲ್ಲೆಯವರು. ಅಧಿಕಾರ ಹಳ್ಳಿಗೆ ಹೋಗಬೇಕು ಅಂತ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಹಟ ಹಿಡಿದಿದ್ದರು, ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದರು. ದೇಶಕ್ಕೆಲ್ಲ ನಮ್ಮದು ಮಾದರಿ ಅಂತ ಇವತ್ತಿಗೂ ಭಾಷಣ ಮಾಡುತ್ತೇವೆ. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಅದರಲ್ಲಿ ಅರ್ಥವಾಗದೇ ಇರೋದು ಏನಿದೆ?

ಮತ ಹಾಕದವನಿಗೆ ಪ್ರಶ್ನೆ ಕೇಳೋ ಹಕ್ಕಿಲ್ಲ ಅಂತ ನಮಗೆ ಬುದ್ಧಿ ಹೇಳುತ್ತೀರಿ. ಸರಿ. ಮತ ಹಾಕಿಸದವನಿಗೆ ಏನಿಲ್ಲ? ಅದನ್ನೂ ಹೇಳಿ. ಜಗಳೂರಿನ ಹಳ್ಳಿಯಲ್ಲಿ ಬೋರ್‌ವೆಲ್ ಬತ್ತಿದರೆ ಕೊರಳಪಟ್ಟಿ ಹಿಡಿದು ಕೇಳೋಕೆ ಒಬ್ಬ ಸದಸ್ಯನಿಲ್ಲ. ಸದಸ್ಯರ ಬದಲು ಸರ್ಕಾರ ಕೂರಿಸಿದ ಆಡಳಿತಾಧಿಕಾರಿಯನ್ನು ಕೇಳಬಹುದು. ಅವರು ಬೆಂಗಳೂರಿಗೆ ಬರೆದಿರುತ್ತಾರೆ.